ಭಾನುವಾರದ ಸಿನಿಮಾ: ‘ವಿ ವರ್ ಸೋಲ್ಜರ್ಸ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ 2002ರ ‘ವಿ ವರ್ ಸೋಲ್ಜರ್ಸ್’ ನೋಡೋಣ. 1965ರ ನವೆಂಬರ್‌ನಲ್ಲಿ ವಿಯೆಟ್ನಾಂನ ಇಯಾ ಡ್ರಾಂಗ್ ಕಣಿವೆಯಲ್ಲಿ ನಡೆದ ಕಾಳಗದ ಕಥೆ. ಅಮೆರಿಕದ ಸೇನಾಧಿಕಾರಿ ಹಾಲ್ ಮೂರ್ ಪಾತ್ರದಲ್ಲಿ ಮೆಲ್ ಗಿಬ್ಸನ್ ಇದ್ದಾರೆ.

ರಕ್ತಪಾತ ಜಾಸ್ತಿ ಇದೆ. ಚಿಕ್ಕ ಮಕ್ಕಳನ್ನು ದಯವಿಟ್ಟು ಕರೆತರಬೇಡಿ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಗುಂಡಿನ ಸದ್ದಲ್ಲ, ಮನೆಮುಂದೆ ಬಂದು ನಿಲ್ಲುವ ಟ್ಯಾಕ್ಸಿ. ಗಂಡ ಸತ್ತ ಸುದ್ದಿಯ ಟೆಲಿಗ್ರಾಂ ಅನ್ನು ಆಗ ಟ್ಯಾಕ್ಸಿ ಡ್ರೈವರ್ ಕೈಲಿ ಕಳಿಸುತ್ತಿದ್ದರು! ಬರೀ ವಿಳಾಸ ಕೇಳೋಕೆ ಬಂದ ಡ್ರೈವರನ್ನು ಕಂಡೇ ಮೂರ್ ಅವರ ಹೆಂಡತಿ ಜೂಲಿಯಾ ನಡುಗಿಹೋಗುತ್ತಾರೆ. ಆ ದೃಶ್ಯ ತಪ್ಪಿಸಬೇಡಿ. ನಿಜ ಜೀವನದಲ್ಲೂ ಜೂಲಿಯಾ ಆ ಮನೆಗಳಿಗೆ ಹೋಗಿ ಸಮಾಧಾನ ಹೇಳಿದ್ದರು, ಅಂತ್ಯಕ್ರಿಯೆಗಳಿಗೂ ಹೋಗಿದ್ದರು. ಸೇನೆ ಆ ಪದ್ಧತಿ ಬಿಟ್ಟು ಅಧಿಕಾರಿ ಮತ್ತು ಪಾದ್ರಿಯನ್ನೇ ಮನೆಗೆ ಕಳಿಸುವಂತಾಗಲು ಅವರ ಒತ್ತಾಯವೂ ಕಾರಣ.

ಇನ್ನೊಂದು ವಿಷಯ ಹಿಡಿಸಿತು. ಎದುರು ಪಕ್ಷದ ವಿಯೆಟ್ನಾಂ ಸೈನಿಕನ ಡೈರಿಯಲ್ಲೂ ಹೆಂಡತಿಯ ಫೋಟೋ ಇರುತ್ತದೆ. ಅವನಿಗೂ ಮನೆ ಇದೆ ಅಲ್ವಾ?

ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಕುರ್ಚಿ ಹಾಕಿಸಬೇಕು. ಸುಮಾರು ಎರಡೂಕಾಲು ಗಂಟೆಯ ಸಿನಿಮಾ, ಸ್ವಲ್ಪ ಬೇಗ ಬನ್ನಿ.