ದುಡಿಯ ಮುಂದೆ ಮೈಕ್ ಇಡಿ

ಮಾನ್ಯ ಸಂಪಾದಕರೇ,

ದುಡಿ ಎಂಬ ಪುಟ್ಟ ಡ್ರಮ್ ಬಡಿಯುತ್ತಾ ಕೊಡವರು ಹಾಡುವ ದುಡಿಕೊಟ್ಟ್ ಪಾಟಿಗೆ ಗಿಟಾರು, ಕೀಬೋರ್ಡು ಸೇರಿಸುವ ಹುಡುಗರನ್ನು ಬೈದು ಓದುಗರೊಬ್ಬರು ಇದೇ ಅಂಕಣಕ್ಕೆ ಬರೆದಿದ್ದರು. ದೇವರ ಹಾಡು ಕುಲಗೆಟ್ಟು ಹೋಗುತ್ತದೆ ಎಂಬುದು ಅವರ ಸಂಕಟ. ನಾನು ಕೊಡಗಿನ ಗೋಣಿಕೊಪ್ಪದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ಹುತ್ತರಿ ಸುಗ್ಗಿ ಹಬ್ಬ, ಎಲೆಕ್ಷನ್ ಭಾಷಣ ಎಲ್ಲಕ್ಕೂ ಹೋಗುತ್ತೇನೆ. ಮಿಕ್ಸರ್ ಮುಂದೆ ಕೂರುವವನಿಗೂ ಈ ವಿಷಯದಲ್ಲಿ ಎರಡು ಮಾತಿದೆ.

ಕೆಲಸ ಮುಗಿಸಿ ವಾಪಸ್ ಬರುವಾಗ ಜೀಪಿನಲ್ಲಿ ಈಚೆಗೆ ನಾನು ಹಾಕಿಕೊಳ್ಳುವುದು ದಾಯ್ಮೆ ಅರೋಸೇನಾ ಹಾಡುಗಳನ್ನು. ಕ್ಯೂಬಾದ ಹವಾನಾದವರು, ಹುಟ್ಟಿದ್ದು 1992ರಲ್ಲಿ. ಬಿಳಿ ಬಟ್ಟೆ ಉಟ್ಟು ಬರಿಗಾಲಲ್ಲಿ ನಿಂತು ಹಾಡಿ ಹೆಸರಾದವರು. ಜಾಜ್, ಸೋಲ್ ಅಂತ ಅಮೆರಿಕದ ಕರಿಯರ ಸಂಗೀತವೆಲ್ಲ ಆ ಗಂಟಲಿನಲ್ಲಿದೆ. ಆದರೆ ಬುಡದಲ್ಲಿರುವುದು ಸಾಂತೇರಿಯಾ ಎಂಬ ಕ್ಯೂಬಾದ ಧರ್ಮದ ಪೂಜೆಯ ಹಾಡು. ಯೊರುಬಾ ಜನರನ್ನು ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಕ್ಯೂಬಾದ ಕಬ್ಬಿನ ತೋಟಗಳಿಗೆ ಸಾಗಿಸಿದಾಗ ಅವರ ದೇವರುಗಳೂ ಜೊತೆಗೆ ಹೋದವು. ಚರ್ಚಿನ ಸಂತರ ಹೆಸರಿನ ಮರೆಯಲ್ಲಿ ಪೂಜೆ ನಡೆಯಿತು. ಗುಲಾಮಗಿರಿ ನಿಂತದ್ದು 1886ರಲ್ಲಿ, ಹಾಡು ನಿಲ್ಲಲಿಲ್ಲ. ಓಷುನ್ ನದಿಯ ದೇವಿ, ಜೇನು ಅವಳಿಗೆ ಪ್ರೀತಿ. ಯೆಮಯಾ ಕಡಲ ತಾಯಿ. ಅರೋಸೇನಾ ಅವರ 2015ರ 'ನುಯೇವಾ ಎರಾ' ಆಲ್ಬಂ ಶುರುವಾಗುವುದೇ ಈ ಇಬ್ಬರು ತಾಯಂದಿರನ್ನು ಕರೆದು. ನದಿಗೆ ಹಾಡುವುದು ಅಂದರೆ ಏನು ಅಂತ ಕಾವೇರಮ್ಮನ ಮಕ್ಕಳಿಗೆ ಹೇಳಿಕೊಡಬೇಕಾ?

ಅಲ್ಲಿನ ಪೂಜೆಗೆ ಬಾತಾ ಅಂತ ಮೂರು ಡ್ರಮ್. ನಮ್ಮ ದುಡಿಯ ಹಾಗೇ ನಡು ಸಣ್ಣ, ಎರಡು ಕಡೆ ಚರ್ಮ. ಆದರೆ ಗಾತ್ರ ದೊಡ್ಡದು. ತೊಡೆ ಮೇಲೆ ಅಡ್ಡ ಇಟ್ಟು ಎರಡೂ ಕೈಯಲ್ಲಿ ಬಡಿಯುತ್ತಾರೆ. ಎಲ್ಲಕ್ಕಿಂತ ದೊಡ್ಡದರ ಹೆಸರು ಇಯಾ, ಅಂದರೆ ತಾಯಿ. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ತಿರುಗಿ ಹೇಳುತ್ತಾರೆ. ನಮ್ಮಲ್ಲೂ ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಹೇಳುತ್ತಾರಲ್ವಾ, ಹಾಗೆ. ಮುಖ್ಯ ವಿಷಯ ಏನೆಂದರೆ, ಪ್ರತಿಷ್ಠೆ ಮಾಡಿದ ಬಾತಾ ಕಛೇರಿಗೆ ಬರುವುದಿಲ್ಲ. ವೇದಿಕೆಗೆ ಬೇರೆಯೇ ಜೊತೆ ಇರುತ್ತದೆ. ಮನೆಯದು ಮನೆಯಲ್ಲಿ, ವೇದಿಕೆಯದು ವೇದಿಕೆಯಲ್ಲಿ. ಅಮೆರಿಕದ ಜಾಜ್ ಕಲಾವಿದ ಡಿಜಿ ಗಿಲೆಸ್ಪಿ ತಂಡಕ್ಕೆ ಕ್ಯೂಬಾದ ಡ್ರಮ್ ವಾದಕ ಚಾನೋ ಪೋಜೋ 1947ರಲ್ಲೇ ಕ್ಯೂಬಾದ ಡ್ರಮ್ಮನ್ನೂ ಪೂಜೆಯ ಕೂಗನ್ನೂ ತಂದರು. ಬೆರೆಸುವುದು ನಿನ್ನೆ ಮೊನ್ನೆಯ ಚಾಳಿಯಲ್ಲ.

ಹಾಗಾಗಿ ಗಿಟಾರಿನ ಮೇಲೆ ನನಗೆ ಸಿಟ್ಟಿಲ್ಲ. ಅರೋಸೇನಾ ಸಂಗೀತ ಶಾಲೆಯಲ್ಲಿ ಗಾಯನ ತಂಡ ನಡೆಸುವುದನ್ನು ಕಲಿತವರು, ಸಾಂತೇರಿಯಾ ದೀಕ್ಷೆಯನ್ನೂ ಪಡೆದವರು. ಎರಡನ್ನೂ ಒಳಗಿನಿಂದ ಬಲ್ಲವರು ಬೆರೆಸಿದರೆ ಕೇಳುವ ಕಿವಿಗೆ ಗೊತ್ತಾಗುತ್ತದೆ. ಪಿಯಾನೋ ಡ್ರಮ್ಮಿನ ಮೇಲೆ ಏರಿ ಕೂರುವುದಿಲ್ಲ.

ನಮ್ಮಲ್ಲಿ ಆಗುವುದೇ ಬೇರೆ. ಈಚೆಗೆ ಒಂದು ಮದುವೆಗೆ ಸೌಂಡ್ ಹಾಕಿದ್ದೆ. ನಾಲ್ಕು ಜನ ದುಡಿಯವರು, ಎಲ್ಲರೂ ವಯಸ್ಸಾದವರು. ಕರೆಸಿದವರು ನನಗೆ ಹೇಳಿದ್ದು, "ಅವರಿಗೆ ಒಂದು ಮೈಕ್ ಸಾಕು." ಕೀಬೋರ್ಡಿನ ಹುಡುಗ ದುಡಿಯ ಶಬ್ದವನ್ನು ಪ್ಯಾಡಿನಲ್ಲಿ ಒತ್ತುತ್ತಿದ್ದ. ಅವನ ಸ್ಕೇಲಿಗೆ, ಅಂದರೆ ಶ್ರುತಿಗೆ, ಹೊಂದಲು ಹಿರಿಯರು ಕತ್ತಿನ ನರ ಉಬ್ಬಿಸಿಕೊಂಡು ಹಾಡಿದರು. ನಾನು ಅವರ ಮೈಕ್ ಏರಿಸಿದೆ, ಸ್ಪೀಕರ್ ಬೆನ್ನಿಗೇ ಇತ್ತು, ಕುಯ್ಯೋ ಅಂತ ಕಿರುಚಿತು. ಎಲ್ಲರೂ ನನ್ನನ್ನೇ ನೋಡಿದರು. ಅಷ್ಟರಲ್ಲಿ ಊಟಕ್ಕೆ ಹೊತ್ತಾಯಿತು ಅಂತ ಪಾಟನ್ನು ನಡುವೆಯೇ ನಿಲ್ಲಿಸಿದರು. ಕೀಬೋರ್ಡು ಮಾತ್ರ ಊಟ ಮುಗಿಯುವವರೆಗೂ ನಡೆಯಿತು. ಇದನ್ನು ಬೆರಕೆ ಅನ್ನುವುದಾದರೂ ಹೇಗೆ? ಅಲ್ಲಿ ದುಡಿಯೇ ಕೇಳಿಸಲಿಲ್ಲ.

ಹುಡುಗರಿಗೆ ಒಂದು ಮಾತು. ನಡಿಕೇರಿಯಂಡ ಚಿಣ್ಣಪ್ಪನವರು ಈ ಪಾಟುಗಳನ್ನೆಲ್ಲ ಸಂಗ್ರಹಿಸಿ 1924ರಲ್ಲೇ 'ಪಟ್ಟೋಲೆ ಪಳಮೆ' ತಂದಿದ್ದಾರೆ, ಅದೂ ಕನ್ನಡ ಲಿಪಿಯಲ್ಲಿ. ಸುಮ್ನೆ ಎರಡು ಸಾಲು ಕತ್ತರಿಸಿ ರೀಲ್ಸ್ ಮಾಡುವ ಮೊದಲು ಒಂದು ಪಾಟನ್ನಾದರೂ ಪೂರ್ತಿ ಕಲಿಯಿರಿ.

ಈ ಸಲ ಹುತ್ತರಿಗೆ ಕಾರ್ಯಕ್ರಮ ಹಾಕುವವರು ನಾಲ್ಕು ದುಡಿಗೂ ಒಂದೊಂದು ಮೈಕ್ ಇಡಿಸಲಿ, ಹಾಡಲು ಬೇರೆ. ಮೊದಲ ಪಾಟು ಬರೀ ದುಡಿಯಲ್ಲಿ ನಡೆಯಲಿ. ಆಮೇಲೆ ಗಿಟಾರು ಬರಲಿ, ದುಡಿಯವರು ಹೇಳಿದ ಸ್ಕೇಲಿನಲ್ಲಿ. ಕೀಬೋರ್ಡಿನವನಿಗಿಂತ ಅವರಿಗೆ ದುಡ್ಡು ಕಡಿಮೆ ಬೇಡ. ಜಾಸ್ತಿ ಹಾಕುವ ಮೈಕ್‌ಗಳಿಗೆ ನಾನು ಬಾಡಿಗೆ ಕೇಳುವುದಿಲ್ಲ.

– ಮೈಕ್ ಸೆಟ್ಟಿನವ, ಗೋಣಿಕೊಪ್ಪ