ದೊಡ್ಡ ಗಡಿಯಾರದ ಸುತ್ತ ನಡೆಯಲು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಮೈಸೂರಿಗೆ ಬರುವ ಪ್ರವಾಸಿಗರು ಅರಮನೆ ನೋಡಿ ಸೀದಾ ಚಾಮುಂಡಿ ಬೆಟ್ಟಕ್ಕೆ ಹೊರಟುಬಿಡುತ್ತಾರೆ. ಪಕ್ಕದಲ್ಲೇ ಇರುವ ದೊಡ್ಡ ಗಡಿಯಾರ, ಕೆ.ಆರ್. ವೃತ್ತ, ದೇವರಾಜ ಮಾರುಕಟ್ಟೆ ಕಾರಿನ ಕಿಟಕಿಯಲ್ಲೇ ದಾಟಿಹೋಗುತ್ತವೆ. ಈಚೆಗೆ ನಾವು ಅಲ್ಲೆಲ್ಲ ನಡೆದುಕೊಂಡೇ ಸುತ್ತಾಡಿದೆವು. ಎಂಥ ಜಾಗ ಅದು! ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಗಡಿಯಾರದ ಮೇಲೆ ಕನ್ನಡ ಅಂಕಿಗಳಿವೆ. ನಮ್ಮ ಮಗಳು ಕತ್ತೆತ್ತಿ ಒಂದೊಂದನ್ನೇ ಓದುತ್ತಾ ನಿಂತಳು. ಹತ್ತಿರದಲ್ಲೇ ದಿವಾನ್ ರಂಗಾಚಾರ್ಲು ಹೆಸರಿನ ಪುರಭವನ. ಮಾರುಕಟ್ಟೆಯೊಳಗೆ ಹೋದರೆ ಮಲ್ಲಿಗೆಯ ಘಮ, ರಾಶಿ ಹಾಕಿದ ಕುಂಕುಮ.

ಆದರೆ ನೆಮ್ಮದಿಯಾಗಿ ನಿಂತು ನೋಡೋಣ ಎಂದರೆ ವಾಹನಗಳ ಕಾಟ ಜಾಸ್ತಿ. ಜೊತೆಗಿದ್ದ ನಮ್ಮ ಅತ್ತೆಯವರಿಗೆ ರಸ್ತೆ ದಾಟುವುದೇ ದೊಡ್ಡ ಕೆಲಸವಾಯಿತು. ಕೂರಲು ನೆರಳಿನಲ್ಲಿ ಒಂದು ಕಲ್ಲುಬೆಂಚಾದರೂ ಬೇಡವೇ?

ಹಳೆಯ ಕಟ್ಟಡಗಳ ಮಾತಂತೂ ಇನ್ನೂ ನೋವಿನದು. 2012ರಲ್ಲಿ ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳೇ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ದಸರೆ ಬಂದಾಗ ದೀಪ ಹಾಕಿದರೆ ಸಾಲದು, ಅಲ್ವಾ? ಅನುಭವ ಇರುವ ಗಾರೆ ಕೆಲಸದವರಿಂದ ಗೋಡೆ, ಮಾಡು ಗಟ್ಟಿ ಮಾಡಿಸಬೇಕು. ವ್ಯಾಪಾರಿಗಳನ್ನು ಎಬ್ಬಿಸದೆ ಮಾಡಬೇಕು. ಅವರಿಲ್ಲದ ಮಾರುಕಟ್ಟೆಯನ್ನು ನೋಡಲು ಯಾರೂ ಬರುವುದಿಲ್ಲ. ಭಾನುವಾರ ಬೆಳಿಗ್ಗೆಯಾದರೂ ಗಡಿಯಾರದ ಸುತ್ತ ವಾಹನ ಸಂಚಾರ ನಿಲ್ಲಿಸಿ, ನಡೆಯುವವರಿಗೆ ಬಿಟ್ಟುಕೊಡಿ ಎಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ.

– ಓದುಗರೊಬ್ಬರು, ಶಿವಮೊಗ್ಗ