ಎಂಜಿನ್ ಬದಲಿಸೋಣ, ಸ್ಪ್ರಿಂಗ್ ಪ್ಲೇಟ್ ತೆಗೆಯೋದು ಬೇಡ

ಮಾನ್ಯ ಸಂಪಾದಕರೇ,

"ಆಲ್ಟ್ರೇಷನ್ ಮಾಡಿದ ಹಳೇ ಪಿಕಪ್‌ಗಳನ್ನೆಲ್ಲ ಹಿಡಿದು ಗುಜರಿಗೆ ಹಾಕಬೇಕು" ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಡಿಕೇರಿಯ ಇಳಿಜಾರಿನಲ್ಲಿ ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತಗ್ಗಿಸಿದ ಪಿಕಪ್ ಸದ್ದು ಮಾಡುತ್ತಾ ಬಂದರೆ ನನಗೂ ಮೈ ಉರಿಯುತ್ತದೆ. ಆದರೆ ಎಂಜಿನ್ ಬದಲಿಸಿದವರನ್ನೂ ಗಾಡಿ ತಗ್ಗಿಸಿದವರನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು. ಎಂಜಿನ್ ಬದಲಿಸಿದ್ದು ನಾನೇ. ತಗ್ಗಿಸಿದ್ದು ನನ್ನ ಅಕ್ಕನ ಮಗ. ಎರಡೂ ನಮ್ಮ ಮನೆ ಅಂಗಳದಲ್ಲೇ ನಡೆದ ಕಥೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಾದಾಪುರ ಕಡೆಯ ಸಣ್ಣ ಬೆಳೆಗಾರ. ನಾಲ್ಕು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ನಮ್ಮ ಜಿಲ್ಲೆಗೆ ರೈಲಿಲ್ಲ. ತೋಟದಿಂದ ಕಣಕ್ಕೆ ಹಣ್ಣು ಬರಬೇಕಾದರೂ, ಒಣಗಿದ ಮೇಲೆ ಕುಶಾಲನಗರ ಕಡೆಯ ಕ್ಯೂರಿಂಗ್‌ಗೆ (ಸಿಪ್ಪೆ ತೆಗೆದು ಬೀಜ ಮಾಡುವ ಕಡೆಗೆ) ಹೋಗಬೇಕಾದರೂ, ಗೊಬ್ಬರ ತರಬೇಕಾದರೂ ಪಿಕಪ್ಪೇ ಗತಿ. ನಮ್ಮದು ಅಪ್ಪ ತೆಗೆದ ಹಳೇ ಮಹೀಂದ್ರ. ಅದರಲ್ಲಿದ್ದದ್ದು 2112 ಸಿಸಿಯ ಪೆಜೋ ಡೀಸೆಲ್ ಎಂಜಿನ್. ಒಳ್ಳೇ ಎಂಜಿನ್. ಆದರೆ ಅರೇಬಿಕಾ ಕೊಯ್ಲಿನ ಚಳಿ ಬೆಳಗ್ಗೆ ಹೀಟರ್ ಪ್ಲಗ್ ಕಾಯಿಸಿ, ಇಪ್ಪತ್ತರ ತನಕ ಎಣಿಸಿ, ಆಮೇಲೆ ಸೆಲ್ಫ್ ಹೊಡೆಯಬೇಕಿತ್ತು. ಕೊನೆಕೊನೆಗೆ ಹೆಡ್ ಬಿರುಕು ಬಿಟ್ಟಿತು. ಸಾಮಾನು ಸಿಗಲಿಲ್ಲ. ಸಿಕ್ಕಿದ್ದು ಸರಿ ಕೂರಲಿಲ್ಲ. ಹೊಸ ಪಿಕಪ್ ತೆಗೆಯೋಣ ಅಂದರೆ ನಾಲ್ಕು ಎಕರೆಯವನಿಗೆ ಅದು ಎಷ್ಟು ವರ್ಷದ ಸಾಲ, ನೀವೇ ಲೆಕ್ಕ ಹಾಕಿ. ಚಾಸಿ ಗಟ್ಟಿ ಇತ್ತು, ಗಾಡಿಯ ಬಾಡಿ ತುಕ್ಕು ಹಿಡಿದಿರಲಿಲ್ಲ. ಅಂಥ ಗಾಡಿಯನ್ನು ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ.

ಅದೇ ಕಂಪನಿಯ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ ಕೂರಿಸಿದೆವು. ಅದಕ್ಕೆ ಹೀಟರ್ ಪ್ಲಗ್ಗಿನ ಗೊಡವೆ ಇಲ್ಲ, ಚಳಿಯಲ್ಲೂ ಒಂದೇ ಸೆಲ್ಫಿಗೆ ಎದ್ದೇಳುತ್ತದೆ. ಏರಿನಲ್ಲಿ ಎಳೆತ ಜಾಸ್ತಿ. ಮೌಂಟಿಂಗ್ ಬದಲಾಯಿತು, ರೇಡಿಯೇಟರ್ ದೊಡ್ಡದು ಬಂತು, ಕ್ಲಚ್ ಬದಲಾಯಿತು. ಎಲ್ಲ ನೋಡಿಕೊಂಡೆವು ಅಂದುಕೊಂಡಿದ್ದೆ. ಒಂದು ಬಿಟ್ಟುಹೋಗಿತ್ತು.

ಆ ಜೂನ್‌ನಲ್ಲಿ ಸುಳ್ಯದಲ್ಲಿರುವ ತಂಗಿಯ ತೋಟಕ್ಕೆ ಮೆಣಸಿನ ಬಳ್ಳಿಯ ಸಸಿ ತುಂಬಿಕೊಂಡು ಹೊರಟಿದ್ದೆ. ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳು, ಒಳ್ಳೇ ಭಾರ. ಮದೆನಾಡು ದಾಟಿ ಜೋಡುಪಾಲದ ಕಡೆ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟರೆ ಪೆಡಲ್ ಕಲ್ಲಾಗಿತ್ತು. ಒತ್ತಿದರೆ ಇಳಿಯುತ್ತಲೇ ಇಲ್ಲ. ಮುಂದೆ ಬಸ್ಸು, ಪಕ್ಕದಲ್ಲಿ ಕಣಿವೆ, ಮಳೆ ಬೇರೆ. ಎರಡೂ ಕಾಲಲ್ಲಿ ಪೆಡಲ್ ತುಳಿದು, ಗೇರ್ ಎರಡಕ್ಕೆ ಎಳೆದು, ಎಡಗಡೆ ಚರಂಡಿಗೆ ಇಳಿಸಿ ಧರೆಗೆ ಒರಗಿಸಿ ನಿಲ್ಲಿಸಿದೆ. ಕೈ ನಡುಕ ನಿಲ್ಲಲು ಸುಮಾರು ಹೊತ್ತು ಬೇಕಾಯಿತು.

ಬಾನೆಟ್ ಎತ್ತಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಬ್ರೇಕ್ ಒತ್ತುವ ನಮ್ಮ ಕಾಲಿಗೆ ಬಲ ಸೇರಿಸುವುದು ಬೂಸ್ಟರ್. ಪೆಟ್ರೋಲ್ ಗಾಡಿಯಲ್ಲಿ ಅದಕ್ಕೆ ಬೇಕಾದ ವ್ಯಾಕ್ಯೂಮ್ (ಗಾಳಿಯ ಎಳೆತ) ಎಂಜಿನ್ ಎಳೆಯುವ ಗಾಳಿಯಿಂದಲೇ ಸಿಗುತ್ತದೆ. ಡೀಸೆಲ್‌ನಲ್ಲಿ ಹಾಗಲ್ಲ, ಅದಕ್ಕೆ ಬೇರೆ ಪಂಪ್ ಇರುತ್ತದೆ. ನಮ್ಮ ಎಂಜಿನ್‌ನಲ್ಲಿ ಅದು ಆಲ್ಟರ್ನೇಟರ್ ಹಿಂದೆ ಇದೆ. ಅಲ್ಲಿಂದ ಬೂಸ್ಟರ್‌ಗೆ ಹೋಗುವ ಪೈಪ್ ಎಂಜಿನ್ ಬದಲಾದ ಮೇಲೆ ಗಿಡ್ಡವಾಗಿತ್ತು. ಮೆಕ್ಯಾನಿಕ್ ಕೈಗೆ ಸಿಕ್ಕಿದ ಸಾದಾ ರಬ್ಬರ್ ಪೈಪ್ ಹಾಕಿ, ಸೈಲೆನ್ಸರ್‌ನ ಬಿಸಿ ತಾಗುವ ಕಡೆ ಎಳೆದಿದ್ದರು. ಬಿಸಿಗೆ ಅದು ಮೆತ್ತಗಾಗಿ, ಒಳಗಿನ ಎಳೆತಕ್ಕೆ ಒಣಗಿದ ಬಾಳೆ ಪಟ್ಟೆಯ ಹಾಗೆ ಚಪ್ಪಟೆಯಾಗಿ ಅಂಟಿಕೊಂಡಿತ್ತು. ವ್ಯಾಕ್ಯೂಮ್‌ಗೆಂದೇ ದಪ್ಪ ಗೋಡೆಯ ಪೈಪ್ ಬರುತ್ತದೆ. ಅದೊಂದು ಹಾಕಿದ್ದರೆ ಸಾಕಿತ್ತು. ಆ ಪೈಪ್ ಈಗಲೂ ನನ್ನ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದೆ.

ಇದನ್ನು ಓದುವ ಪಿಕಪ್, ಜೀಪಿನವರಿಗೆ ಒಂದು ಮಾತು. ಎಂಜಿನ್ ಆಫ್ ಮಾಡಿ. ಬ್ರೇಕನ್ನು ನಾಲ್ಕೈದು ಸಲ ಒತ್ತಿ, ಪೆಡಲ್ ಗಟ್ಟಿಯಾಗುವ ತನಕ. ಹಾಗೇ ಒತ್ತಿ ಹಿಡಿದುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯಲಿಲ್ಲ ಅಂದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ, ಘಾಟಿಗೆ ಹೋಗಬೇಡಿ. ಅರ್ಧ ನಿಮಿಷದ ಕೆಲಸ ಇದು.

ಇನ್ನು ತಗ್ಗಿಸೋ ವಿಷಯ. ಅಕ್ಕನ ಮಗನ ಪಿಕಪ್ ನಮ್ಮದಕ್ಕಿಂತ ಈಚಿನದು. "ಮಾವ, ಗಾಡಿ ಕೆಳಗೆ ಕೂತ್ರೆ ಲುಕ್ಕೇ ಬೇರೆ. ತಿರುವಿನಲ್ಲೂ ಗಟ್ಟಿ ಹಿಡಿಯುತ್ತೆ" ಅಂದ. ಭಾರ ಕೆಳಗಿದ್ದರೆ ಗಾಡಿ ವಾಲುವುದು ಕಡಿಮೆ, ಅದು ಸುಳ್ಳಲ್ಲ. ಆದರೆ ಅದಕ್ಕೆ ತಕ್ಕ ಸ್ಪ್ರಿಂಗು, ಶಾಕ್ಸ್ ಎಲ್ಲ ಲೆಕ್ಕ ಹಾಕಿ ಹಾಕಬೇಕು. ಇವನು ಮಾಡಿಸಿದ್ದು ಹಿಂದಿನ ಎರಡೂ ಕಡೆ ಸ್ಪ್ರಿಂಗಿನ ಕಬ್ಬಿಣದ ಪಟ್ಟಿಗಳಲ್ಲಿ, ಅಂದರೆ ಪ್ಲೇಟ್‌ಗಳಲ್ಲಿ, ಎರಡೆರಡು ತೆಗೆಸಿದ್ದು, ಉಳಿದವನ್ನು ಕಮ್ಮಾರನ ಹತ್ತಿರ ಬಡಿಸಿ ಚಪ್ಪಟೆ ಮಾಡಿಸಿದ್ದು. ಅಷ್ಟೇ. ಐದು ಜನ ಹೊರುತ್ತಿದ್ದ ಮೂಟೆಯನ್ನು ಮೂವರ ತಲೆಗೆ ಹಾಕಿದ ಹಾಗೆ ಅಲ್ವಾ? ರೊಬಸ್ಟಾ ಕೊಯ್ಲು ಬಂತು. ಹಣ್ಣಿನ ಮೂಟೆ ಹೇರಿದ ಮೊದಲ ದಿನವೇ ತೋಟದ ರಸ್ತೆಯಲ್ಲಿ ಹೌಸಿಂಗ್ (ಹಿಂದಿನ ಚಕ್ರಗಳ ಅಚ್ಚಿನ ಕವಚ) ಚಾಸಿಗೆ ಬಡಿಯತೊಡಗಿತು. ಟೈರ್ ಉಜ್ಜಿ ರಬ್ಬರ್ ಸುಟ್ಟ ವಾಸನೆ. ಮೂರನೇ ವಾರ ಮೇನ್ ಪ್ಲೇಟ್ ಕಟ್ಟಾಯಿತು. ಪುಣ್ಯಕ್ಕೆ ಗಾಡಿ ಆಗ ಕಣದಲ್ಲಿ ನಿಂತಿತ್ತು.

ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಈಗಿನ ಹಲವು ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗ್‌ನಿಂದ ಚಾಸಿಗೆ ಒಂದು ಸಣ್ಣ ಸರಳು ಇರುತ್ತದೆ. ಅದರ ತುದಿಯಲ್ಲಿ ಬ್ರೇಕ್‌ನ ಒಂದು ವಾಲ್ವ್. ಲೋಡ್ ಹಾಕಿದಾಗ ಗಾಡಿ ಕೂರುತ್ತದೆ, ಸರಳು ಅಲುಗುತ್ತದೆ, ವಾಲ್ವ್ ಹಿಂದಿನ ಚಕ್ರಗಳಿಗೆ ಜಾಸ್ತಿ ಬ್ರೇಕ್ ಕೊಡುತ್ತದೆ. ಖಾಲಿ ಇದ್ದಾಗ ಕಡಿಮೆ ಕೊಡುತ್ತದೆ. ಪ್ಲೇಟ್ ತೆಗೆದು ಗಾಡಿ ತಗ್ಗಿಸಿದರೆ ಪಾಪ ಆ ವಾಲ್ವ್‌ಗೆ ಯಾವಾಗಲೂ ಲೋಡ್ ಇದೆ ಅಂತಲೇ ಅನ್ನಿಸುತ್ತದೆ. ಖಾಲಿ ಗಾಡಿಗೂ ಪೂರ್ತಿ ಬ್ರೇಕ್ ಕೊಡುತ್ತದೆ. ಹಿಂದಿನ ಚಕ್ರ ಜಾಮ್ ಆಗುತ್ತದೆ. ಪ್ಲೇಟ್ ಕಟ್ಟಾಗುವುದಕ್ಕೂ ಮೊದಲು, ಒಂದು ಮಳೆಯ ಸಂಜೆ, ಸುಂಟಿಕೊಪ್ಪದಿಂದ ಖಾಲಿ ಬರುತ್ತಿದ್ದ ಹುಡುಗ ಹಸುವೊಂದು ಅಡ್ಡ ಬಂತೆಂದು ಬ್ರೇಕ್ ಒತ್ತಿದ್ದಾನೆ. ಗಾಡಿ ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿದೆ. ಎದುರಿಂದ ಯಾರೂ ಬರುತ್ತಿರಲಿಲ್ಲ. ಆ ರಾತ್ರಿ ಅಕ್ಕ ಫೋನಿನಲ್ಲಿ ಅತ್ತದ್ದು ನನಗೆ ಮರೆಯುವುದಿಲ್ಲ. ಈಗ ಪ್ಲೇಟ್ ಎಲ್ಲ ಮತ್ತೆ ಸೇರಿವೆ, ಮೇನ್ ಪ್ಲೇಟ್ ಹೊಸದು.

ಹುಡುಗರು ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ (ನೋಂದಣಿ ಪತ್ರಕ್ಕೂ) ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಿದ್ದಾರೆ. ಎಂಜಿನ್ ನಂಬರ್ ಆರ್‌ಸಿಯಲ್ಲೇ ಇರುತ್ತದೆ. ಅದು ತಾಳೆಯಾಗದಿದ್ದರೆ ಅಪಘಾತವಾದಾಗ ಇನ್ಶೂರೆನ್ಸ್‌ನವರು ಮೊದಲು ಕೇಳುವ ಪ್ರಶ್ನೆ ಅದೇ. ನಾನು ಈ ಸೆಕೆಂಡ್‌ಹ್ಯಾಂಡ್ ಡಿಐ ಎಂಜಿನ್ ಕೊಂಡ ಬಿಲ್, ಅದು ಇದ್ದ ಗಾಡಿಯ ಆರ್‌ಸಿ ಪ್ರತಿ, ನಂಬರಿನ ಪೆನ್ಸಿಲ್ ಪ್ರಿಂಟ್ ಎಲ್ಲ ಆರ್‌ಟಿಒಗೆ ಕೊಟ್ಟು ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿದ್ದೇನೆ. ಆ ಬಿಲ್ ಒಂದಕ್ಕಾಗಿ ಗುಜರಿಯವರ ಹಿಂದೆ ಒಂದು ತಿಂಗಳು ಅಲೆದಿದ್ದೇನೆ. ಬಿಲ್ ಇಲ್ಲದ ಎಂಜಿನ್ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಮುಟ್ಟಬೇಡಿ.

ಆದರೆ ಬರೆಸದೇ ಓಡಿಸುವವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಅವರೆಲ್ಲ ಕಳ್ಳರಲ್ಲ. ಆರ್‌ಟಿಒಗೆ ಹೋದರೆ ಗಾಡಿ ಹಿಡಿದುಕೊಳ್ಳುತ್ತಾರೆ ಎಂಬ ಹೆದರಿಕೆ. ಒಂದು ದಿನ ತೋಟದ ಕೆಲಸ ಬಿಟ್ಟರೆ ಆಗುವ ನಷ್ಟ. ಎಂಟು ವರ್ಷ ದಾಟಿದ ಬಾಡಿಗೆ ಪಿಕಪ್‌ಗಳು ವರ್ಷಕ್ಕೊಮ್ಮೆ ಎಫ್‌ಸಿಗೆ (ಗಾಡಿ ಓಡಲು ಯೋಗ್ಯವೇ ಎಂಬ ತಪಾಸಣೆಗೆ) ಹೋಗಲೇಬೇಕು. ಎಂಜಿನ್ ಬದಲಿಸಿದವರು ಆ ಹೆದರಿಕೆಗೇ ಎಫ್‌ಸಿಯನ್ನೂ ಬಿಡುತ್ತಾರೆ. ಹೀಗೆ ಬ್ರೇಕ್ ನೋಡುವವರೇ ಇಲ್ಲದ ಗಾಡಿಗಳು ನಮ್ಮ ಘಾಟಿಯಲ್ಲಿ ಇಳಿಯುತ್ತಿವೆ. ಸಂಪಾದಕರೇ, ನನ್ನ ಸಂಕಟ ಇದು. ಗುಜರಿಗೆ ಹಾಕಿ ಅಂದರೆ ಅವು ಇನ್ನಷ್ಟು ಒಳದಾರಿ ಹಿಡಿಯುತ್ತವೆ, ಅಷ್ಟೇ.

ಸಾರಿಗೆ ಇಲಾಖೆಗೆ ನನ್ನ ಬೇಡಿಕೆ ಒಂದೇ. ವರ್ಷಕ್ಕೆ ಒಂದೆರಡು ದಿನ ಸೋಮವಾರಪೇಟೆ, ವಿರಾಜಪೇಟೆ, ಮಡಿಕೇರಿಯಲ್ಲಿ ಹಳೇ ಪಿಕಪ್, ಜೀಪುಗಳ ತಪಾಸಣೆ ಶಿಬಿರ ಮಾಡಿ. ಮೊದಲ ಸಲ ಬಂದವರ ಗಾಡಿ ಹಿಡಿಯಬೇಡಿ. ಬ್ರೇಕ್, ಸ್ಟೇರಿಂಗ್, ಪ್ಲೇಟ್ ನೋಡಿ. ಕಾಯ್ದೆಯಲ್ಲಿ ಒಪ್ಪಿಗೆಗೆ ಜಾಗ ಇರುವ ಎಂಜಿನ್ ಆದರೆ ಅಲ್ಲೇ ಕಾಗದ ತೆಗೆದುಕೊಳ್ಳಿ. ಪ್ಲೇಟ್ ತೆಗೆದವರಿಗೆ ಒಂದು ತಿಂಗಳು ಸಮಯ ಕೊಡಿ, ಮತ್ತೆ ಹಾಕಿಸಿಕೊಂಡು ಬಂದು ತೋರಿಸಲಿ. ತೋರಿಸದವರಿಗೆ ದಂಡ ಹಾಕಿ, ನಾನು ಬೇಡ ಅನ್ನೋದಿಲ್ಲ. ಐಟಿಐ ಹುಡುಗರನ್ನೂ ಕರೆಯಿರಿ. ನಾಳೆ ಈ ಗಾಡಿಗಳ ಕೆಳಗೆ ಮಲಗುವವರು ಅವರೇ.

ಮಳೆ ನಿಂತು ಅರೇಬಿಕಾ ಹಣ್ಣಾಗುವುದರೊಳಗೆ, ಅಕ್ಟೋಬರ್ ಕೊನೆಗೆ ಇದನ್ನು ಇಟ್ಟುಕೊಂಡರೆ ಎಲ್ಲರಿಗೂ ಬಿಡುವಿರುತ್ತದೆ. ಮೊದಲ ದಿನ ನಮ್ಮ ಗಾಡಿಯನ್ನೂ, ಅಕ್ಕನ ಮಗನ ಗಾಡಿಯನ್ನೂ ನಾನೇ ತಂದು ನಿಲ್ಲಿಸುತ್ತೇನೆ. ಶೆಡ್ಡಿನಲ್ಲಿ ನೇತಾಡುವ ಆ ಚಪ್ಪಟೆ ಪೈಪನ್ನೂ ತರುತ್ತೇನೆ, ಹುಡುಗರು ಕೈಯಲ್ಲಿ ಹಿಡಿದು ನೋಡಲಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಮಾದಾಪುರ, ಕೊಡಗು ಜಿಲ್ಲೆ